ನಿಮಗಿದು ಗೊತ್ತೆ? ಎರಡು ಪೆಗ್‌ಗೇ ನಾಲ್ಕರ ಅಮಲು!

ತೂಕ ಇಳಿಸಲು ಗ್ಯಾಸ್ಟ್ರಿಕ್ ಬೈಪಾಸ್ ಮಾಡಿಸಿಕೊಂಡವರಿಗೆ ಉಳಿಯುವ ಜಠರದ ಚೀಲ ಸುಮಾರು 30 ಮಿ.ಲೀ.ನದು. ಬಾರ್ ಲೆಕ್ಕದಲ್ಲಿ ಒಂದು ‘ಸ್ಮಾಲ್’, ಅಷ್ಟೇ! ಮೊದಲಾದರೆ ಮದ್ಯ ಜಠರದಲ್ಲಿ ಸ್ವಲ್ಪ ಹೊತ್ತು ತಂಗುತ್ತಿತ್ತು. ಈಗ ನೇರವಾಗಿ ಸಣ್ಣ ಕರುಳಿಗಿಳಿದು ಕೆಲವೇ ನಿಮಿಷಗಳಲ್ಲಿ ರಕ್ತ ಸೇರುತ್ತದೆ. ಇಂಥ ಮಹಿಳೆಯರು ಎರಡು ಡ್ರಿಂಕ್ ಕುಡಿದರೆ ರಕ್ತದ ಮದ್ಯಾಂಶ ನಾಲ್ಕು ಕುಡಿದಷ್ಟು ಏರುತ್ತದೆಂದು ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ವರದಿ ಮಾಡಿದರು. ನಮ್ಮಲ್ಲಿ ವಾಹನ ಓಡಿಸುವವರಿಗೆ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ. ಮದ್ಯವೇ ಮಿತಿ. ‘ಕಂಪನಿಗೆ ಒಂದೇ ಒಂದು’ ಎನ್ನುವವರು ಗಾಡಿ ಕೀಲಿ ಬೇರೆಯವರ ಕೈಗಿಡುವುದು ಲೇಸು.

ಕ್ಯಾಲರಿಯ ಲೆಕ್ಕವೂ ಇದೆ. ಮದ್ಯದ ಪ್ರತಿ ಗ್ರಾಂಗೆ 7 ಕ್ಯಾಲರಿ, 30 ಮಿ.ಲೀ. ವಿಸ್ಕಿ ಎಂದರೆ ಸುಮಾರು 70. ಪ್ರೋಟೀನ್ ಸೊನ್ನೆ. ಜತೆಗೆ ಬರುವ ಕಾಂಗ್ರೆಸ್ ಕಡಲೆ, ಚಿಪ್ಸ್ ಬೇರೆ.

ಇನ್ನೊಂದು ಅಪಾಯ ಕಣ್ಣಿಗೆ ಬೀಳುವುದಿಲ್ಲ. ಊಟ ಕಡಿಮೆಯಾದವರು ಕುಡಿದಾಗ ರಕ್ತದ ಸಕ್ಕರೆ ದಿಢೀರ್ ಕುಸಿಯಬಹುದು. ಬೆವರು, ತೊದಲು, ತೂರಾಟ ಕಂಡವರು ‘ಜಾಸ್ತಿಯಾಗಿದೆ, ಮಲಗಲಿ ಬಿಡಿ’ ಎಂದುಬಿಡುತ್ತಾರೆ. ಆಗ ಬೇಕಾದದ್ದು ನಿದ್ದೆಯಲ್ಲ, ತುರ್ತು ಚಿಕಿತ್ಸೆ.