ಬೇಲಿಯ ಖರ್ಚು ಯಾರ ಲೆಕ್ಕಕ್ಕೆ?

ಕಾರ್ತಿಕ ಮಾಸ ಬಂತೆಂದರೆ ಸೊರಬ ತಾಲ್ಲೂಕಿನ ಕುಬಟೂರಿನ ಕಡೆ ಕಾಲಿಡಲು ಜಾಗವಿರುವುದಿಲ್ಲ. ಅಂಗಳ, ತಾರಸಿ, ಕಣ ಎಲ್ಲೆಲ್ಲೂ ಅಡಿಕೆ. ಸುಲಿದು, ಚೊಗರು ಹಾಕಿ ಬೇಯಿಸಿದ ಕೆಂಪಡಿಕೆ ಬಿಸಿಲಿಗೆ ಮೈಕೊಟ್ಟು ಬಿದ್ದಿರುತ್ತದೆ. ಹಂಡೆಯ ಒಲೆಯ ಹೊಗೆ ಸಂಜೆಯವರೆಗೂ ಊರು ಬಿಟ್ಟು ಹೋಗುವುದಿಲ್ಲ. ಸುಲಿಯುವವರ ಬೆರಳುಗಳಿಗೆ ಹತ್ತಿದ ಕಪ್ಪು ಯುಗಾದಿಯ ತನಕ ಬಿಡುವುದಿಲ್ಲ. ಕತ್ತಲಾದ ಮೇಲೆ ಬೆಳೆಗಾರ ಫೋನು ಕೈಗೆತ್ತಿಕೊಂಡು ಮೊದಲು ನೋಡುವುದು ಶಿವಮೊಗ್ಗ, ಸಾಗರ, ಶಿರಸಿಯ ಆ ದಿನದ ಧಾರಣೆ. ಆಮೇಲೆ ನೋಡುವುದು, ‘ಬರ್ಮಾ ಅಡಿಕೆ’ಯ ಸುದ್ದಿ ಏನಾದರೂ ಇದೆಯೇ ಎಂದು.

ಮಿಜೋರಾಂನ ಚಂಫಾಯಿ ಎಂಬ ಗಡಿ ಜಿಲ್ಲೆಯಲ್ಲಿ ಅಸ್ಸಾಂ ರೈಫಲ್ಸ್‌ನವರು ಮ್ಯಾನ್ಮಾರ್‌ನಿಂದ ಕಳ್ಳದಾರಿಯಲ್ಲಿ ಬಂದ ಅಡಿಕೆ ಮೂಟೆಗಳನ್ನು ಆಗಾಗ ಹಿಡಿಯುತ್ತಾರೆ. ಹಿಡಿದ ಫೋಟೋ ಮಲೆನಾಡಿನ ವಾಟ್ಸ್‌ಆ್ಯಪ್ ಗುಂಪುಗಳಿಗೆ ಬರಲು ಬಹಳ ಹೊತ್ತು ಬೇಕಾಗುವುದಿಲ್ಲ. ಎರಡು ಸಾವಿರ ಕಿಲೋಮೀಟರಿಗೂ ಆಚೆಯ ಕಾಡುದಾರಿಯಲ್ಲಿ ಸಿಕ್ಕಿಬಿದ್ದ ಲಾರಿಯ ಮೇಲೆ ಕುಬಟೂರಿನಲ್ಲಿ ಒಂದು ಮದುವೆಯ ಖರ್ಚು ನಿಂತಿರಬಹುದು. ಹಾಗಾಗಿ ಗಡಿ ಬೇಲಿ, ಆಮದು ಸುಂಕ ಎಂಬ ಮಾತು ಇಲ್ಲಿ ಟಿ.ವಿ. ಚರ್ಚೆಯ ಸರಕಲ್ಲ, ಮನೆಯ ವ್ಯವಹಾರ.

ಲೆಕ್ಕ ಹೀಗಿದೆ. 2023ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿತು. ಅದಕ್ಕಿಂತ ಅಗ್ಗದ ಅಡಿಕೆಯನ್ನು ತರಿಸುವಂತಿಲ್ಲ. ಆ ಬೆಲೆ ಕೊಟ್ಟು ತಂದರೂ ಅದರ ಮೇಲೆ ನೂರಕ್ಕೆ ನೂರು ಸುಂಕ. 351ಕ್ಕೆ ಇನ್ನೊಂದು 351 ಕೂಡಿದರೆ 702 ರೂಪಾಯಿ. ಆಗ ನಮ್ಮ ರಾಶಿ ಅಡಿಕೆ ಕ್ವಿಂಟಾಲಿಗೆ ಅರ್ಧ ಲಕ್ಷದ ಆಸುಪಾಸಿನಲ್ಲಿ, ಅಂದರೆ ಕಿಲೋಗೆ 500ರ ಲೆಕ್ಕದಲ್ಲಿ ಸಿಗುತ್ತಿದ್ದಾಗ 702 ಕೊಟ್ಟು ಇಂಡೋನೇಷ್ಯಾದ್ದನ್ನು ಯಾರು ಕೊಳ್ಳುತ್ತಿದ್ದರು? ಬಾಗಿಲಿಗೆ ಬೀಗ ಹಾಕಿಲ್ಲ, ಹೊಸ್ತಿಲನ್ನು ಎದೆಯೆತ್ತರ ಕಟ್ಟಿದ್ದಾರೆ ಅಷ್ಟೆ.

ಈ ಹೊಸ್ತಿಲಿನ ಕೂಲಿ ಕೊಟ್ಟವರು ಯಾರು? ಇಂಡೋನೇಷ್ಯಾದ ಬೆಳೆಗಾರನಂತೂ ಅಲ್ಲ. ಬಾಗಿಲಾಚೆಯೇ ಉಳಿದ ಮಾಲಿಗೆ ಅವನು ಒಂದು ಪೈಸೆ ಸುಂಕವನ್ನೂ ಕಟ್ಟಿಲ್ಲ. ಸರ್ಕಾರಕ್ಕೂ ಅದರಿಂದ ಬಂದದ್ದು ಏನೂ ಇಲ್ಲ. ಕೊಟ್ಟವನು ಕಾನ್ಪುರದ ಗೂಡಂಗಡಿಯಲ್ಲಿ ಪಾನ್ ಕಟ್ಟಿಸಿಕೊಂಡವನು, ಗುಜರಾತಿನ ಹೆದ್ದಾರಿಯಲ್ಲಿ ಸುಪಾರಿ ಪೊಟ್ಟಣ ಹರಿದ ಲಾರಿ ಚಾಲಕ. ಹೊರಗಿನ ಅಗ್ಗದ ಅಡಿಕೆ ಬಂದಿದ್ದರೆ ಎಷ್ಟು ಕಡಿಮೆ ಕೊಡುತ್ತಿದ್ದನೋ ಅಷ್ಟು ಹೆಚ್ಚನ್ನು ಅವನು ಬೆಲೆಯಾಗಿ ಕೊಟ್ಟ. ಅದು ದಲ್ಲಾಳಿ, ಮಂಡಿ, ಸೊಸೈಟಿ ಎಲ್ಲವನ್ನೂ ದಾಟಿ ಮಲೆನಾಡಿಗೆ ಬಂತು. ಅಡಿಕೆ ಜಗಿಯುವುದು ಆರೋಗ್ಯಕ್ಕೆ ಎಂಥದು ಎನ್ನುವುದು ಬೇರೆಯೇ ಜಗಳ. ಆದರೆ ತೋಟದವರು ಈ ಸುಂಕ ಬೇಕು ಎಂದು ಕೇಳುವಾಗ ದುಡ್ಡು ವಿದೇಶದಿಂದ ಬರುತ್ತದೆ ಎಂದು ಹೇಳಿಕೊಳ್ಳುವ ಅಗತ್ಯವೇನಿಲ್ಲ. ಸಣ್ಣ ಹಿಡುವಳಿಯವರು ಬದುಕಬೇಕು, ಅದಕ್ಕೆ ಜಗಿಯುವವರು ಸ್ವಲ್ಪ ಹೆಚ್ಚು ಕೊಡಲಿ ಎಂದು ನೇರವಾಗಿಯೇ ಕೇಳಬಹುದು. ಅದು ಮರ್ಯಾದೆಯ ವಾದ.

ಇಲ್ಲೇ ಒಂದು ಗಂಟು ಇದೆ. ಮಾಲು ಒಳಗೆ ಬರಬಾರದು ಎಂದರೆ ಸುಂಕ ಹೆಚ್ಚಿರಬೇಕು. ಸುಂಕದಿಂದ ಬೊಕ್ಕಸ ತುಂಬಬೇಕು ಎಂದರೆ ಮಾಲು ಧಾರಾಳವಾಗಿ ಬರಬೇಕು. ಎರಡನ್ನೂ ಒಟ್ಟಿಗೆ ಕೊಡುತ್ತೇನೆ ಎನ್ನುವ ರಾಜಕಾರಣಿ ಲೆಕ್ಕದ ಪುಸ್ತಕ ತೆರೆದಿಲ್ಲ ಎಂದೇ ಅರ್ಥ.

ಹೊಸ್ತಿಲು ಎತ್ತರವಾದಷ್ಟೂ ಕಿಟಕಿಯ ದಾರಿ ಹುಡುಕುವವರು ಹೆಚ್ಚುತ್ತಾರೆ. ‘ಹುರಿದ ಅಡಿಕೆ’ ಎಂಬ ಬೇರೆ ಹೆಸರಿನಲ್ಲಿ ತರಿಸಿದರು. 2025ರ ಏಪ್ರಿಲ್‌ನಲ್ಲಿ ಸರ್ಕಾರ ಅದಕ್ಕೂ 351ರ ಮಿತಿ ಹಾಕಬೇಕಾಯಿತು. ಭೂತಾನಿನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಗೆ ಈ ಕನಿಷ್ಠ ಬೆಲೆಯ ಷರತ್ತಿಲ್ಲದೆ ಅವಕಾಶ ಕೊಟ್ಟಾಗ ಮಲೆನಾಡಿನಲ್ಲಿ ಎದ್ದ ಗಲಾಟೆ ಇನ್ನೂ ನೆನಪಿನಲ್ಲಿದೆ. ಉಳಿದದ್ದು ಕಾಡಿನ ದಾರಿ. 2024ರ ಫೆಬ್ರವರಿಯಲ್ಲಿ ಗೃಹ ಸಚಿವ ಅಮಿತ್ ಶಾ 1,643 ಕಿಲೋಮೀಟರ್ ಉದ್ದದ ಮ್ಯಾನ್ಮಾರ್ ಗಡಿಗೆ ಪೂರ್ತಿ ಬೇಲಿ ಹಾಕುತ್ತೇವೆ ಎಂದು ಪ್ರಕಟಿಸಿದರು. ಕಾರಣ ದೇಶದ ಭದ್ರತೆ. ಅಡಿಕೆಗಾಗಿ ಯಾರೂ ಬೇಲಿ ಹಾಕುವುದಿಲ್ಲ. ಆದರೂ ಆ ಸುದ್ದಿಯನ್ನು ಅಡಿಕೆಯ ಕಣ್ಣಿನಲ್ಲಿ ಓದಿದವರು ಇತ್ತ ಕಡೆ ಬಹಳ. ಬೇಲಿಗೂ ಅದರ ಪಕ್ಕದ ರಸ್ತೆಗೂ ಅಂದಾಜು 31,000 ಕೋಟಿ ರೂಪಾಯಿ. ಭಾಗಿಸಿದರೆ ಕಿಲೋಮೀಟರಿಗೆ 19 ಕೋಟಿಯ ಹತ್ತಿರ. ಮ್ಯಾನ್ಮಾರ್ ಕೊಡುತ್ತದೆ ಎಂದು ನಮ್ಮಲ್ಲಿ ಯಾರೂ ಭಾಷಣ ಮಾಡಲಿಲ್ಲ, ಅಷ್ಟರ ಮಟ್ಟಿಗೆ ಸಮಾಧಾನ. 2025-26ರ ಕೇಂದ್ರ ಬಜೆಟ್ಟಿನ ಪ್ರಕಾರ ಸರ್ಕಾರದ ಕೈಗೆ ಬರುವ ಪ್ರತಿ ರೂಪಾಯಿಯಲ್ಲಿ ಕಸ್ಟಮ್ಸ್ ಸುಂಕದ ಪಾಲು 4 ಪೈಸೆ. 24 ಪೈಸೆ ಸಾಲ, 22 ಪೈಸೆ ಆದಾಯ ತೆರಿಗೆ, 18 ಪೈಸೆ ಜಿಎಸ್‌ಟಿ. ಬೇಲಿಯ ಕಂಬಕ್ಕೆ ದುಡ್ಡು ಹೋಗುವುದು ಬಹುಪಾಲು ಈ ಕಡೆಯಿಂದಲೇ.

ಅಂಥ ಭಾಷಣ ಮಾಡಿದವರು ಅಮೆರಿಕದಲ್ಲಿದ್ದರು. 2015ರ ಜೂನ್‌ನಲ್ಲಿ ಚುನಾವಣೆಗೆ ಇಳಿಯುವಾಗ ಡೊನಾಲ್ಡ್ ಟ್ರಂಪ್ ದಕ್ಷಿಣದ ಗಡಿಗೆ ಗೋಡೆ ಕಟ್ಟುತ್ತೇನೆ, ದುಡ್ಡು ಮೆಕ್ಸಿಕೊ ಕೊಡುತ್ತದೆ ಎಂದರು. ಕೊಡುವುದಿಲ್ಲ ಎಂದಿತು ಮೆಕ್ಸಿಕೊ. 2017ರ ಜನವರಿಯಲ್ಲಿ ಅಧಿಕಾರಕ್ಕೆ ಬಂದ ವಾರದೊಳಗೆ ಶ್ವೇತಭವನದ ವಕ್ತಾರ ಶಾನ್ ಸ್ಪೈಸರ್ ಹೊಸ ಉಪಾಯ ತೇಲಿಬಿಟ್ಟರು: ಮೆಕ್ಸಿಕೊದಿಂದ ಬರುವ ಸರಕಿಗೆ ಶೇ 20ರ ತೆರಿಗೆ ಹಾಕಿದರೆ ಗೋಡೆಯ ಖರ್ಚು ಹುಟ್ಟುತ್ತದೆ. ಆದರೆ ಆ ಸುಂಕವನ್ನು ಗಡಿಯಲ್ಲಿ ಕಟ್ಟುವವನು ಅಮೆರಿಕದ ಆಮದುದಾರ. ಅವನು ಅದನ್ನು ಅಂಗಡಿಗೆ ದಾಟಿಸುತ್ತಾನೆ, ಅಂಗಡಿಯವನು ಟೊಮ್ಯಾಟೊ ಕೊಳ್ಳಲು ಬಂದವರಿಗೆ. ಉಪಾಯ ಅಲ್ಲಿಗೇ ನಿಂತಿತು. ಗೋಡೆಯ ಹಣಕ್ಕಾಗಿ ಜಗಳ ಹತ್ತಿ 2018ರ ಡಿಸೆಂಬರ್‌ನಿಂದ 35 ದಿನ ಅಲ್ಲಿನ ಸರ್ಕಾರಿ ಕಚೇರಿಗಳೇ ಭಾಗಶಃ ಮುಚ್ಚಿದ್ದವು. ಕೊನೆಗೆ 2025ರ ಜುಲೈನಲ್ಲಿ ಅಮೆರಿಕದ ಸಂಸತ್ತು ಗೋಡೆಗೆಂದು 4,650 ಕೋಟಿ ಡಾಲರ್ ಮಂಜೂರು ಮಾಡಿತು, ತನ್ನದೇ ಖಜಾನೆಯಿಂದ.

ಸುಂಕ ಯಾರ ತಲೆಗೆ ಬೀಳುತ್ತದೆ ಎಂಬುದಕ್ಕೆ ಅದೇ ದೇಶದ ವಾಷಿಂಗ್ ಮೆಷೀನ್ ಕತೆ ಇನ್ನೂ ಚೊಕ್ಕವಾಗಿದೆ. 2018ರ ಆರಂಭದಲ್ಲಿ ವಿದೇಶಿ ಬಟ್ಟೆ ಒಗೆಯುವ ಯಂತ್ರಗಳ ಮೇಲೆ ಸುಂಕ ಬಂತು. ಆರನ್ ಫ್ಲಾಯೆನ್, ಅಲಿ ಹೊರ್ತಾಚ್ಸು, ಫೆಲಿಕ್ಸ್ ಟಿಂಟೆಲ್ನಾಟ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ಆಮೇಲೆ ಅಂಗಡಿಯ ಬೆಲೆಗಳನ್ನು ಕೂಡಿಸಿ ಕಳೆದು ನೋಡಿದರು. ಯಂತ್ರದ ಬೆಲೆ ಶೇ 12ರಷ್ಟು, ಅಂದರೆ ಸುಮಾರು 86 ಡಾಲರ್ ಏರಿತ್ತು. ತಮಾಷೆ ಅದಲ್ಲ. ಸುಂಕವೇ ಇಲ್ಲದ ಬಟ್ಟೆ ಒಣಗಿಸುವ ಯಂತ್ರ 92 ಡಾಲರ್ ತುಟ್ಟಿಯಾಗಿತ್ತು. ಅಲ್ಲಿನ ಜನ ಎರಡನ್ನೂ ಜೋಡಿಯಾಗಿ ಕೊಳ್ಳುತ್ತಾರೆ, ವ್ಯಾಪಾರಿ ಏರಿಕೆಯನ್ನು ಎರಡಕ್ಕೂ ಹಂಚಿದ್ದ. ದೇಶೀ ಕಂಪನಿಗಳೂ ಬೆಲೆ ಏರಿಸಿಕೊಂಡವು. ಪಕ್ಕದ ಅಂಗಡಿಯಲ್ಲಿ ತುಟ್ಟಿಯಾದ ಮೇಲೆ ತಾನೇಕೆ ಅಗ್ಗಕ್ಕೆ ಕೊಡಬೇಕು? ಗ್ರಾಹಕರ ಜೇಬಿನಿಂದ ವರ್ಷಕ್ಕೆ ಹೆಚ್ಚುವರಿ 150 ಕೋಟಿ ಡಾಲರ್ ಹೋಯಿತು. ಖಜಾನೆಗೆ ಬಂದದ್ದು 8.2 ಕೋಟಿ. ಹುಟ್ಟಿದ ಉದ್ಯೋಗ 1,800. ಒಂದೊಂದು ಉದ್ಯೋಗಕ್ಕೂ ಜನ ತೆತ್ತದ್ದು ಎಂಟು ಲಕ್ಷ ಡಾಲರಿಗೂ ಮೇಲೆ.

2025ರ ನವೆಂಬರ್‌ನಲ್ಲಂತೂ ಬಾಯಿಬಿಟ್ಟು ಹೇಳದೆ ಒಪ್ಪಿಕೊಂಡ ಹಾಗಾಯಿತು. ದಿನಸಿ ದುಬಾರಿಯಾಯಿತು ಎಂಬ ಕೂಗು ಎದ್ದಾಗ ಟ್ರಂಪ್ ಸರ್ಕಾರ ಕಾಫಿ, ಬಾಳೆಹಣ್ಣು, ದನದ ಮಾಂಸ ಮುಂತಾದವನ್ನು ಹೊಸ ಸುಂಕದಿಂದ ಬಿಟ್ಟಿತು. ಸುಂಕವನ್ನು ಹೊರಗಿನವರೇ ಕಟ್ಟುತ್ತಿದ್ದರೆ ಅದನ್ನು ತೆಗೆದರೆ ಒಳಗಿನವರ ಕಾಫಿ ಅಗ್ಗವಾಗುವುದು ಹೇಗೆ? ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದವರು ಆ ಸುದ್ದಿ ಓದಿ ನಕ್ಕಿರಬೇಕು. ಹಾಗೆಂದು ಮಾರುವವನಿಗೆ ಪೆಟ್ಟೇ ಇಲ್ಲ ಎಂದಲ್ಲ. ಗಿರಾಕಿ ಕೈತಪ್ಪದಿರಲಿ ಎಂದು ಅವನೂ ಒಂದಿಷ್ಟು ಬೆಲೆ ಇಳಿಸಬೇಕಾಗುತ್ತದೆ, ಕೆಲವೊಮ್ಮೆ ಆರ್ಡರೇ ನಿಂತುಹೋಗುತ್ತದೆ. ಪೂರ್ತಿ ಬಿಲ್ಲು ಅವನ ಹೆಸರಿಗೆ ಹೋಗುವುದಿಲ್ಲ ಎನ್ನುವುದಷ್ಟೇ ಮಾತು.

ಕುಬಟೂರು ಸುಂಕಕ್ಕೆ ಹೊಸ ಊರೇನಲ್ಲ. ಕಲ್ಯಾಣ ಚಾಲುಕ್ಯರ ಕಾಲಕ್ಕೆ ಸೇರಿದ ಕೈಟಭೇಶ್ವರ ದೇವಾಲಯ ಇಲ್ಲಿದೆ, ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ ಆಗಿನ ಬನವಾಸಿ ಪನ್ನಿರ್ಚ್ಛಾಸಿರದ ದೊಡ್ಡ ಪೇಟೆ. ಈ ಸೀಮೆಯ ಶಾಸನಗಳಲ್ಲಿ ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಸುಂಕಗಳ ಹೆಸರು ಮತ್ತೆ ಮತ್ತೆ ಬರುತ್ತವೆ. ದೇವರ ದೀಪಕ್ಕೆ, ಅನ್ನಸತ್ರಕ್ಕೆ ಸುಂಕದ ಪಾಲು ಬಿಟ್ಟುಕೊಟ್ಟ ಅಧಿಕಾರಿಯ ಪುಣ್ಯವನ್ನು ಕಲ್ಲಿನಲ್ಲಿ ಕೊರೆದಿದ್ದಾರೆ. ಹೇರಿನ ಮೇಲೆ ಸುಂಕ ಕೊಟ್ಟ ವ್ಯಾಪಾರಿ ಅದನ್ನು ಯಾರಿಂದ ವಸೂಲು ಮಾಡಿಕೊಂಡ ಎಂಬುದಕ್ಕೆ ಕಲ್ಲಿನಲ್ಲಿ ಜಾಗವಿಲ್ಲ. ‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ’ ಎಂಬ ಗಾದೆ ಹುಟ್ಟಿದ್ದು ಬಹುಶಃ ಹೇರಿನ ಎತ್ತುಗಳನ್ನು ಕಟ್ಟೆಯ ಬಳಿ ನಿಲ್ಲಿಸಿಕೊಂಡು ನಿಂತವರ ಬಾಯಲ್ಲಿ.

ಗಡಿಯೂ ಇಲ್ಲಿಗೆ ಹೊಸದಲ್ಲ. 1956ರವರೆಗೆ ಸೊರಬ ಮೈಸೂರಿನದು, ಪಕ್ಕದ ಶಿರಸಿ, ಹಾನಗಲ್ಲು ಮುಂಬಯಿಯವು. ಘಟ್ಟದ ಕೆಳಗಿನ ಸಾಣಿಕಟ್ಟೆಯಂಥ ಕಡೆಯ ಉಪ್ಪು ಮಲೆನಾಡಿಗೆ ಎತ್ತಿನ ಬೆನ್ನ ಮೇಲೆ ಏರಿ ಬರುತ್ತಿತ್ತು. ಆ ಉಪ್ಪಿನ ಜೊತೆ ನಮ್ಮ ದೇಶ ಕಂಡ ಅತಿ ವಿಚಿತ್ರ ಬೇಲಿಯ ಕತೆಯೂ ಅಂಟಿಕೊಂಡಿದೆ.

ಉತ್ತರ ಭಾರತದಲ್ಲಿ ಉಪ್ಪಿಗೆ ಹಾಕಿದ ಭಾರೀ ತೆರಿಗೆಯನ್ನು ಕಾಯಲು ಬ್ರಿಟಿಷರು ಸಿಂಧೂ ನದಿಯಿಂದ ಮಹಾನದಿಯವರೆಗೆ ಒಳನಾಡಿನಲ್ಲೇ ಒಂದು ಸುಂಕದ ಗೆರೆ ಎಳೆದಿದ್ದರು. 1869ರ ಹೊತ್ತಿಗೆ ಅದರ ಉದ್ದ 2,300 ಮೈಲಿ, ಕಾವಲಿಗೆ ಸುಮಾರು 12,000 ಜನ. ಮುಂದೆ ಕಾಂಗ್ರೆಸ್ ಸ್ಥಾಪಕರಲ್ಲಿ ಒಬ್ಬನಾದ ಎ.ಒ. ಹ್ಯೂಮ್ ಆಗ ಸುಂಕದ ಕಮಿಷನರ್. ಬೋರೆ, ಜಾಲಿ, ಕವಳಿ, ಪಾಪಾಸುಕಳ್ಳಿ ನೆಟ್ಟು ಜೀವಂತ ಬೇಲಿ ಬೆಳೆಸಲು ಅವನು ಟೊಂಕ ಕಟ್ಟಿ ನಿಂತ. ಆ ಬೇಲಿಯ ಕೂಲಿ, ಕಾವಲುಗಾರರ ಸಂಬಳ ಎಲ್ಲವೂ ಬಂದದ್ದು ಬೇಲಿ ಕಾಯುತ್ತಿದ್ದ ತೆರಿಗೆಯ ಉಪ್ಪನ್ನೇ ಗಂಜಿಗೆ ಹಾಕಿಕೊಂಡವರಿಂದ. 1879ರಲ್ಲಿ ಬೇಲಿಯನ್ನು ಕೈಬಿಟ್ಟರು. ಎರಡೂ ಕಡೆ ತೆರಿಗೆ ಸರಿಸಮವಾದರೆ ಕಳ್ಳಸಾಗಣೆಗೆ ಲಾಭವಿರುವುದಿಲ್ಲ, ಬೇಲಿಯೂ ಬೇಡ ಎಂಬುದು ಲೆಕ್ಕ. ಅದಕ್ಕಾಗಿ ಉತ್ತರದಲ್ಲಿ ತೆರಿಗೆ ಇಳಿಸಿದರು. ಮದರಾಸು, ಮುಂಬಯಿ ಪ್ರಾಂತ್ಯಗಳಲ್ಲಿ ಮಣಕ್ಕೆ 1 ರೂಪಾಯಿ 13 ಆಣೆ ಇದ್ದದ್ದನ್ನು 2 ರೂಪಾಯಿ 8 ಆಣೆಗೆ ಏರಿಸಿದರು. ಬೇಲಿಯನ್ನು ಕಣ್ಣಿನಿಂದಲೂ ಕಾಣದ ಕರಾವಳಿಯ ಮನೆಗಳು ಅದನ್ನು ಕಿತ್ತ ಖರ್ಚು ಕೊಟ್ಟವು. ಐವತ್ತು ವರ್ಷದ ನಂತರ, 1930ರ ಏಪ್ರಿಲ್‌ನಲ್ಲಿ, ಅಂಕೋಲೆಯ ಜನ ಸಮುದ್ರದಂಡೆಯಲ್ಲಿ ಉಪ್ಪು ಮಾಡಿ ಕಾನೂನು ಮುರಿದರು.

ಈಗಿನ ಉಪ್ಪು ಎಂದರೆ ಎಣ್ಣೆ. ದೇಶಕ್ಕೆ ಬೇಕಾದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತದೆ. 2024ರ ಗಣೇಶನ ಹಬ್ಬ ಮುಗಿದು ಸರಿಯಾಗಿ ವಾರಕ್ಕೆ, ಸೆಪ್ಟೆಂಬರ್ 14ರಂದು, ಕಚ್ಚಾ ತಾಳೆ, ಸೋಯಾ, ಸೂರ್ಯಕಾಂತಿ ಎಣ್ಣೆಯ ಮೇಲಿನ ಒಟ್ಟು ಸುಂಕ ಶೇ 5.5ರಿಂದ 27.5ಕ್ಕೆ ಜಿಗಿಯಿತು. ಸೋಯಾ ಬೆಳೆದವರಿಗೆ ಬೆಂಬಲ ಬೆಲೆಯೂ ಸಿಗದೆ ಒದ್ದಾಡುತ್ತಿದ್ದಾಗ ತೆಗೆದುಕೊಂಡ ತೀರ್ಮಾನ ಅದು, ತಪ್ಪೆನ್ನುವಂತಿಲ್ಲ. ಬಂದರಿಗೆ ನೂರು ರೂಪಾಯಿಗೆ ಬಂದ ಎಣ್ಣೆಯ ಮೇಲೆ ಐದೂವರೆ ಹೋಗುತ್ತಿದ್ದ ಕಡೆ ಇಪ್ಪತ್ತೇಳೂವರೆ ಹೋಯಿತು. ದಸರೆಯ ಹೊತ್ತಿಗೆ ಪಕ್ಕದ ಆನವಟ್ಟಿಯಲ್ಲೂ ಶಿಕಾರಿಪುರದಲ್ಲೂ ಎಣ್ಣೆ ಪ್ಯಾಕೆಟ್ ತುಟ್ಟಿ. ತಿಂಗಳುಗಟ್ಟಲೆ ಹಾಗೇ ಇದ್ದು, 2025ರ ಮೇ ಕೊನೆಯಲ್ಲಿ ಸುಂಕ ಶೇ 16.5ಕ್ಕೆ ಇಳಿಯಿತು. ಅಡಿಕೆಯ ಹೊಸ್ತಿಲಿನಿಂದ ಗಳಿಸಿದ ಮನೆಯೇ ಎಣ್ಣೆಯ ಹೊಸ್ತಿಲಿಗೆ ಕೊಡುತ್ತದೆ. ತೋಟವಿಲ್ಲದೆ, ಸುಲಿಯುವ ಕೂಲಿಗೆ ಮಾತ್ರ ಬರುವವರದು ಬರೀ ಕೊಡುವ ಲೆಕ್ಕ.

ಅದೇ 2025ರ ಆಗಸ್ಟ್ 27ರಂದು ಭಾರತದ ಸರಕಿನ ಮೇಲೆ ಅಮೆರಿಕದ ಸುಂಕ ಶೇ 50ಕ್ಕೆ ಮುಟ್ಟಿತು. 29ರಿಂದ, 800 ಡಾಲರ್ ಒಳಗಿನ ಪಾರ್ಸೆಲ್ಲುಗಳಿಗೆ ಇದ್ದ ವಿನಾಯಿತಿ ರದ್ದಾಯಿತು. ಸುಂಕವನ್ನು ಯಾರು, ಎಲ್ಲಿ ವಸೂಲು ಮಾಡಬೇಕೆಂದು ತಿಳಿಯದೆ ಭಾರತೀಯ ಅಂಚೆ ಅಮೆರಿಕಕ್ಕೆ ಪಾರ್ಸೆಲ್ ಒಯ್ಯುವುದನ್ನೇ ನಿಲ್ಲಿಸಿತು. ಮಗ ಸೊಸೆ ನ್ಯೂಜೆರ್ಸಿಯಲ್ಲೋ ಡಲ್ಲಾಸಿನಲ್ಲೋ ಇರುವ ಮನೆಗಳು ಮಲೆನಾಡಿನಲ್ಲಿ ಈಗ ಊರಿಗೆ ಕೆಲವಾದರೂ ಇವೆ. ಆ ವರ್ಷ ದಸರೆಯ ಕಜ್ಜಾಯ ಡಬ್ಬದಲ್ಲೇ ಉಳಿಯಿತು. ಅಕ್ಟೋಬರ್ 15ರಂದು ಸೇವೆ ಮತ್ತೆ ಶುರುವಾದಾಗ ಏರ್ಪಾಡು ಬದಲಾಗಿತ್ತು. ನಮೂದಿಸಿದ ಬೆಲೆಯ ಅರ್ಧದಷ್ಟು ಅಮೆರಿಕದ ಸುಂಕವನ್ನು ಇಲ್ಲಿನ ಅಂಚೆ ಕೌಂಟರಿನಲ್ಲೇ, ರೂಪಾಯಿಯಲ್ಲಿ, ಮುಂಗಡ ಕಟ್ಟಬೇಕಾಗಿತ್ತು. ಮನೆಯವರು ಕಳಿಸುವ 100 ಡಾಲರ್ ಒಳಗಿನ ಉಡುಗೊರೆಗೆ ಮಾತ್ರ ವಿನಾಯಿತಿ ಇತ್ತು.

ಹಾಗಾಗಿ ಕೌಂಟರಿನ ಆಚೆಯಿಂದ ಬರುತ್ತಿದ್ದ ಮೊದಲ ಪ್ರಶ್ನೆ, ‘ಒಳಗೇನಿದೆ ಅಮ್ಮಾ, ಬೆಲೆ ಎಷ್ಟು ಬರೀಲಿ?’ ಎರಡು ಕಿಲೋ ಚಕ್ಕುಲಿ, ಒಂದು ಬಾಟಲಿ ಅಪ್ಪೆಮಿಡಿ ಉಪ್ಪಿನಕಾಯಿ, ಸೊಸೆಗೊಂದು ಸೀರೆ. ಸೀರೆಯ ಚೀಟಿ ಇದೆ. ಉಪ್ಪಿನಕಾಯಿಗೆ ಊಹೆಯ ಮೇಲೆ ಏನೋ ಒಂದು ಹೇಳಬಹುದು. ಮನೆಯಲ್ಲೇ ಕರಿದ ಚಕ್ಕುಲಿಗೆ ಬೆಲೆ ಕಟ್ಟಿ ಅಭ್ಯಾಸವಿಲ್ಲದ ಹೆಂಗಸು ಅಕ್ಕಿ ಎಷ್ಟಾಯಿತು, ಉದ್ದು ಎಷ್ಟಾಯಿತು ಎಂದು ಬೆರಳು ಮಡಚತೊಡಗುತ್ತಾಳೆ. ಎಣ್ಣೆಯ ಬೆರಳಿಗೆ ಬಂದಾಗ ತಡೆಯುತ್ತಾಳೆ. ಪ್ಯಾಕೆಟ್ಟಿನ ಮೇಲೆ ಎಷ್ಟು ಇತ್ತು ನೋಡಿರಲಿಲ್ಲ.