'ಕ್ರಷ್' ಎಂಬ ಕ್ರಿಯಾಪದ: ಕಬ್ಬಿನ ಗದ್ದೆಯಿಂದ ಮೋಹದವರೆಗೆ

ನಗರದ ಕಾಲೇಜು ವಿದ್ಯಾರ್ಥಿಗೆ 'ಕ್ರಷ್' ಎಂದರೆ ಮನಸ್ಸಿನಲ್ಲೇ ಉಳಿದ ಮೋಹ. ಬೆಳಗಾವಿ ಜಿಲ್ಲೆಯ ಉಗಾರ ಬುದ್ರುಕದ ಕಬ್ಬು ಬೆಳೆಗಾರನಿಗೆ ಅದು ವರ್ಷದ ದುಡಿಮೆ ಹಣವಾಗುವ ಕಾಲ. ಕೃಷ್ಣಾ ತೀರದ ಈ ಊರಿನ ಮಗ್ಗುಲಲ್ಲೇ ಉಗಾರ ಖುರ್ದ ಇದೆ. 1939ರಲ್ಲಿ ಸ್ಥಾಪನೆಯಾದ ಉಗಾರ ಶುಗರ್ ವರ್ಕ್ಸ್ ಕಂಪನಿಯ ಕಾರ್ಖಾನೆ ಇರುವುದು ಅಲ್ಲಿಯೇ. ಹಂಗಾಮು ಬಂತೆಂದರೆ ಸುತ್ತಲಿನ ಹಳ್ಳಿಗಳಲ್ಲಿ 'ಕ್ರಷಿಂಗ್' ಎಂಬುದು ಮನೆಮಾತು.

ಈ ಕ್ರಿಯಾಪದದ ಮೂಲಾರ್ಥ, ಬಲವಾಗಿ ಒತ್ತಿ ವಸ್ತುವಿನ ಆಕಾರವನ್ನೇ ಕೆಡಿಸುವುದು. ತುಂಡಾದರೆ ಸಾಕು ಎನ್ನುವಲ್ಲಿ 'ಬ್ರೇಕ್', ಉಜ್ಜಿ ನುಣ್ಣಗೆ ಪುಡಿ ಮಾಡುವಲ್ಲಿ 'ಗ್ರೈಂಡ್', ಹಿಂಡುವಲ್ಲಿ 'ಸ್ಕ್ವೀಜ್' ಬಳಕೆಯಾಗುತ್ತವೆ. ಬೆಳ್ಳುಳ್ಳಿ ಜಜ್ಜುವುದಕ್ಕೂ ಕಲ್ಲನ್ನು ಜಲ್ಲಿಯಾಗಿಸುವುದಕ್ಕೂ ಮಾತ್ರ 'ಕ್ರಷ್' ಸಲ್ಲುತ್ತದೆ.

ಇದರಿಂದಲೇ ಉಳಿದ ಅರ್ಥಗಳು ಹುಟ್ಟಿವೆ. ದಂಗೆಯನ್ನು 'ಕ್ರಷ್' ಮಾಡಿದರೆ ಕನ್ನಡದಲ್ಲಿ ಹತ್ತಿಕ್ಕಿದರು ಎನ್ನಬೇಕು. 'ಕ್ರಷಿಂಗ್' ಸೋಲು ಹೀನಾಯ ಸೋಲು. ದುಃಖದಿಂದ 'ಕ್ರಷ್ಡ್' ಆದವರು ಜರ್ಜರಿತರಾದವರು. ನಾಮಪದವಾದಾಗ ಅದು ನೂಕುನುಗ್ಗಲೂ ಹೌದು, ಮೋಹವೂ ಹೌದು, ಬಾಟಲಿಯಲ್ಲಿ ಸಿಗುವ ಹಣ್ಣಿನ ಪಾನಕದ ಸಾರವೂ ಹೌದು. ಎಲ್ಲೆಡೆ 'ಪುಡಿ ಮಾಡು' ಎಂದು ಅನುವಾದಿಸಿದರೆ ಅಪಾರ್ಥವಾಗುತ್ತದೆ.

ಕಬ್ಬಿನ ವಿಷಯದಲ್ಲಿ ಕನ್ನಡ ಪತ್ರಿಕೆಗಳು ಬಳಸುವ ಪದ 'ನುರಿಸು'. ನೆರೆಯ ಮರಾಠಿಯಲ್ಲಿ ಅದೇ ಕೆಲಸಕ್ಕೆ 'ಗಾಳಪ' ಎನ್ನುತ್ತಾರೆ. ಅದರಲ್ಲಿರುವುದು ಸೋಸುವ ಅರ್ಥ. ಒಂದು ನುಡಿ ಜಜ್ಜುವುದನ್ನು ಕಂಡಿತು, ಇನ್ನೊಂದು ಇಳಿದ ರಸವನ್ನು ಕಂಡಿತು. ಕಾರ್ಖಾನೆಯಲ್ಲಿ ಎರಡೂ ಇವೆ. ಕಬ್ಬನ್ನು ಮೊದಲು ಕತ್ತರಿಸಿ ನಾರು ನಾರಾಗಿಸಿ, ಬಳಿಕ ಸಾಲು ರೋಲರುಗಳ ನಡುವೆ ನೀರು ಸೇರಿಸುತ್ತ ಅರೆಯುತ್ತಾರೆ. ರಸ ಸೋಸಿ ಸಕ್ಕರೆಯಾಗಲು ಸಾಗುತ್ತದೆ; ಸಿಪ್ಪೆ ಬಾಯ್ಲರಿಗೆ ಉರುವಲಾಗುತ್ತದೆ.

ಈ ಭೇದ ಕೇವಲ ನಿಘಂಟಿನದಲ್ಲ. ಕಾರ್ಖಾನೆಯ ಸಾಮರ್ಥ್ಯವನ್ನು ಅಳೆಯುವುದು ದಿನಕ್ಕೆ ಎಷ್ಟು ಟನ್ ನುರಿಸುತ್ತದೆ ಎಂಬುದರಿಂದ. ಆದರೆ ಕೇಂದ್ರ ಸರ್ಕಾರ ನಿಗದಿಪಡಿಸುವ ನ್ಯಾಯಸಮ್ಮತ ಮತ್ತು ಲಾಭದಾಯಕ ಬೆಲೆ, ಅಂದರೆ ಎಫ್‌ಆರ್‌ಪಿ, ನಿಂತಿರುವುದು ಇಳುವರಿಯ ಮೇಲೆ. 2025–26ರ ಹಂಗಾಮಿಗೆ ಶೇ 10.25ರ ಇಳುವರಿಗೆ, ಅಂದರೆ ಒಂದು ಟನ್ ಕಬ್ಬಿನಿಂದ 102.5 ಕಿಲೋ ಸಕ್ಕರೆ ಬಂದರೆ, ಕ್ವಿಂಟಲಿಗೆ 355 ರೂಪಾಯಿ ನಿಗದಿಯಾಯಿತು. ಅದಕ್ಕಿಂತ ಶೇ 0.1ರಷ್ಟು ಹೆಚ್ಚಾದಾಗಲೆಲ್ಲ 3.46 ರೂಪಾಯಿ ಅಧಿಕ. ಇದು ಕಾರ್ಖಾನೆ ಬಾಗಿಲಿನ ಬೆಲೆಯಾದುದರಿಂದ ಕಟಾವು ಮತ್ತು ಸಾಗಾಟದ ವೆಚ್ಚ ಕಳೆದು ಉಳಿದದ್ದು ರೈತನ ಕೈಸೇರುತ್ತದೆ.

ಕಡಿದ ಕಬ್ಬು ಸರದಿಯಲ್ಲಿ ಕಾದಷ್ಟೂ ಒಣಗಿ ತೂಕ ಕಳೆದುಕೊಳ್ಳುತ್ತದೆ, ಸಕ್ಕರೆಯ ಅಂಶವೂ ಕುಗ್ಗುತ್ತದೆ. ಕಬ್ಬು ಪೂರೈಸಿದ 14 ದಿನಗಳೊಳಗೆ ಹಣ ಪಾವತಿಯಾಗಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ತಡವಾದರೆ ವಾರ್ಷಿಕ ಶೇ 15ರ ಬಡ್ಡಿ ಸೇರಬೇಕು.

ಆದುದರಿಂದ 'ಇಷ್ಟು ಲಕ್ಷ ಟನ್ ಕ್ರಷಿಂಗ್' ಎಂಬ ಸುದ್ದಿಯನ್ನು ಓದುವಾಗ ಅದು ಕಾರ್ಖಾನೆಯ ಲೆಕ್ಕ ಎಂಬುದನ್ನು ಮರೆಯಬಾರದು. ಬೆಳೆಗಾರನ ಲೆಕ್ಕ ತಿಳಿಯಬೇಕಾದರೆ ಇಳುವರಿ ಎಷ್ಟು, ಹಣ ಎಂದು ಬಂತು ಎಂದು ಕೇಳಬೇಕು.