ಎಳೆಯ ಮಕ್ಕಳ ಕಲಿಕೆಯೂ ಯಂತ್ರಸಾಧನಗಳೂ

ನಮ್ಮ ಪ್ರೌಢಶಾಲೆಯ ಹಿಂದಣ ವಿದ್ಯಾರ್ಥಿನಿಯರು ಈಗ ತಾಯಂದಿರಾಗಿ, ಕೆಲವರು ಅಜ್ಜಿಯರೂ ಆಗಿ, ತಮ್ಮ ಕೂಸುಗಳ ಕೈಹಿಡಿದುಕೊಂಡು ಶಾಲೆಗೆ ಸೇರಿದ ಶಿಶುವರ್ಗದ ಬಾಗಿಲಿಗೆ ಬರುವುದನ್ನು ನೋಡುವಾಗ ಮನಸ್ಸಿಗೆ ಬಹಳ ಸಂತೋಷವಾಗುತ್ತದೆ. ಅವರು ಕೇಳುವ ಪ್ರಶ್ನೆಗಳಲ್ಲಿ ಒಂದು ಇತ್ತೀಚಿನ ವರುಷಗಳಲ್ಲಿ ತಪ್ಪದೆ ಬರುತ್ತದೆ: "ಟೀಚರಮ್ಮಾ, ಇಲ್ಲಿ ಮಕ್ಕಳಿಗೆ ಟ್ಯಾಬ್ಲೆಟ್ ಕೊಡುತ್ತೀರಾ?" ಒಬ್ಬರು ಇದನ್ನು ಆಸೆಯಿಂದ ಕೇಳುತ್ತಾರೆ, ತಮ್ಮ ಮಗು ಕಾಲಕ್ಕೆ ಹಿಂದೆ ಬೀಳಬಾರದೆಂಬುದು ಅವರ ಚಿಂತೆ. ಇನ್ನೊಬ್ಬರು ಭಯದಿಂದ ಕೇಳುತ್ತಾರೆ. ಮೊಬೈಲು ತೋರಿಸದಿದ್ದರೆ ಬಾಯಿಗೆ ತುತ್ತು ಇಡಗೊಡದ ಮಗು ಅವರ ಮನೆಯಲ್ಲಿದೆ. ಈ ಎರಡು ಬಗೆಯ ತಾಯಂದಿರಿಗೂ ಸಲ್ಲುವ ಉತ್ತರವೊಂದು ಇರಬಹುದೇ ಎಂಬುದನ್ನು ಇಲ್ಲಿ ವಿಚಾರಿಸುವೆನು.

ಮೊದಲು ತಿಳಿಯತಕ್ಕದ್ದೇನೆಂದರೆ, ಶಿಶುಶಿಕ್ಷಣದಲ್ಲಿ ಸಾಧನಗಳ ಉಪಯೋಗವು ನಮ್ಮ ಕಾಲದಲ್ಲಿ ಹುಟ್ಟಿದ್ದಲ್ಲ. ಜರ್ಮನಿ ದೇಶದ ಫ್ರೀಡ್ರಿಖ್ ಫ್ರೋಬೆಲನು (1782–1852) ಒಬ್ಬ ಪಾದ್ರಿಯ ಮಗನು. ಒಂದು ವರುಷ ತುಂಬುವ ಮೊದಲೇ ತಾಯಿಯನ್ನು ಕಳೆದುಕೊಂಡವನು. ಅವನು 1837ರಲ್ಲಿ ಬ್ಲಾಂಕೆನ್‌ಬುರ್ಗ್ ಎಂಬ ಊರಿನಲ್ಲಿ ಮಕ್ಕಳ ಆಟಕ್ಕಾಗಿ ಒಂದು ಸಂಸ್ಥೆಯನ್ನು ಸ್ಥಾಪಿಸಿ, 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್, ಅಂದರೆ ಮಕ್ಕಳ ತೋಟ, ಎಂದು ಹೆಸರಿಟ್ಟನು. ಅಲ್ಲಿಯ ಆಟದ ಸಾಮಾನುಗಳನ್ನು ಅವನು 'ಕಾಣಿಕೆಗಳು' ಎಂದು ಕರೆದನು. ಮೊದಲನೆಯ ಕಾಣಿಕೆಯು ಬಣ್ಣಬಣ್ಣದ ಆರು ಉಣ್ಣೆಯ ಚೆಂಡುಗಳು. ಎರಡನೆಯದು ಮರದ ಗುಂಡು, ಉರುಳೆ ಮತ್ತು ಘನ. ಮೂರನೆಯದು ಎಂಟು ಚಿಕ್ಕ ಘನಗಳಾಗಿ ಬಿಡಿಸಬಹುದಾದ ಒಂದು ದೊಡ್ಡ ಘನ. ಮಗು ಅದನ್ನು ಬಿಡಿಸಿ ಕುರ್ಚಿ ಮಾಡುವುದು, ಮೆಟ್ಟಲು ಮಾಡುವುದು, ಪುನಃ ಕೂಡಿಸಿ ಒಂದಾಗಿಸುವುದು. ಹೀಗೆ ಇಡಿಯೆಂದರೇನು, ಪಾಲೆಂದರೇನು ಎಂಬುದು ಉಪದೇಶವಿಲ್ಲದೆ ಅದರ ಕೈಗೆ ತಿಳಿಯುವುದು. ಆದರೆ ಫ್ರೋಬೆಲನು ಈ ಸಾಮಾನುಗಳನ್ನು ಕೊಟ್ಟು ದೂರ ಸರಿಯಲಿಲ್ಲ. 1844ರಲ್ಲಿ ತಾಯಂದಿರಿಗಾಗಿ ಹಾಡುಗಳೂ ಬೆರಳಾಟಗಳೂ ಉಳ್ಳ ಒಂದು ಪುಸ್ತಕವನ್ನು ಪ್ರಕಟಿಸಿದನು. ಕೈಗೆ ಚೆಂಡು ಬೇಕು, ಕಿವಿಗೆ ತಾಯಿಯ ದನಿ ಬೇಕು ಎಂಬುದನ್ನು ತಾಯಿಯಿಲ್ಲದೆ ಬೆಳೆದ ಆ ಮನುಷ್ಯನು ಚೆನ್ನಾಗಿ ಅರಿತಿದ್ದನು.

ಇದೇ ಮಾರ್ಗದಲ್ಲಿ ಮುಂದೆ ನಡೆದವರು ಇಟಲಿಯ ವೈದ್ಯೆ ಮರಿಯಾ ಮಾಂಟೆಸ್ಸರಿಯವರು (1870–1952). 1907ನೆಯ ಜನವರಿ 6ರಂದು ರೋಮ್ ನಗರದ ಸಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ ಅವರ ಮೊದಲನೆಯ 'ಮಕ್ಕಳ ಮನೆ' ತೆರೆಯಿತು. ಅವರ ಸಾಧನಗಳಲ್ಲಿ ಒಂದು ಮರದ ದಿಮ್ಮಿ. ಅದರಲ್ಲಿ ಹತ್ತು ಕುಳಿಗಳು, ಕುಳಿಗೊಂದರಂತೆ ಹಿಡಿಯುಳ್ಳ ಹತ್ತು ಉರುಳೆಗಳು. ಮಗು ಒಂದನ್ನು ತಪ್ಪು ಕುಳಿಯಲ್ಲಿ ಇಟ್ಟರೆ ಕೊನೆಯಲ್ಲಿ ಒಂದು ಉರುಳೆಗೆ ಸ್ಥಳವೇ ಸಿಕ್ಕದು. ಗದರುವವರಿಲ್ಲ, ತಪ್ಪನ್ನು ವಸ್ತುವೇ ತೋರಿಸುವುದು, ಮಗುವೇ ತಿದ್ದಿಕೊಳ್ಳುವುದು. ಮರಳುಕಾಗದದಿಂದ ಕತ್ತರಿಸಿದ ಅಕ್ಷರಗಳ ಮೇಲೆ ಬೆರಳಾಡಿಸಿ, ಉಪಾಧ್ಯಾಯಿನಿಯ ಬಾಯಿಂದ ಅವುಗಳ ಧ್ವನಿಯನ್ನು ಕೇಳಿ, ಮಕ್ಕಳು ಬರವಣಿಗೆಗೆ ಸಿದ್ಧರಾದರು. ಮಾಂಟೆಸ್ಸರಿಯವರು 1939ರಲ್ಲಿ ಮದ್ರಾಸಿನ ಅಡ್ಯಾರಿಗೆ ಬಂದು, ಯುದ್ಧದ ನಿಮಿತ್ತವಾಗಿ 1946ರವರೆಗೆ ನಮ್ಮ ದೇಶದಲ್ಲಿಯೇ ಉಳಿದು, ಅನೇಕ ಉಪಾಧ್ಯಾಯರಿಗೆ ತಮ್ಮ ಪದ್ಧತಿಯನ್ನು ಕಲಿಸಿದರು. ಹಾಲೆಮರವನ್ನು ಕಡೆದು ಅರಗಿನ ಬಣ್ಣ ಕೊಡುವ ನಮ್ಮ ಚನ್ನಪಟ್ಟಣದ ಆಟಿಕೆಗಳೂ ಇದೇ ಕುಲಕ್ಕೆ ಸೇರಿದುವೆಂದು ಹೇಳಬಹುದು.

ಇವರಿಬ್ಬರ ಸಾಧನಗಳಿಂದ ನಮಗೆ ಎರಡು ಲಕ್ಷಣಗಳು ದೊರೆಯುತ್ತವೆ. ಒಳ್ಳೆಯ ಸಾಧನವು ಮಗುವಿನ ಕೈಗೂ ಬುದ್ಧಿಗೂ ಕೆಲಸ ಕೊಡುವುದು. ಮತ್ತು ಅದರ ಬಳಿಯಲ್ಲಿ ಮಗುವಿಗೆ ಉತ್ತರ ಕೊಡುವ ಒಬ್ಬ ಮನುಷ್ಯರು ಇರುವರು. ಈಗ ಪರದೆಯುಳ್ಳ ಹೊಸ ಯಂತ್ರಗಳನ್ನು ಇದೇ ಒರೆಗಲ್ಲಿಗೆ ಹಚ್ಚಿ ನೋಡೋಣ.

ಅಮೇರಿಕದ ಸಿಯಾಟಲ್ ನಗರದಲ್ಲಿ ಪೆಟ್ರೀಷಿಯಾ ಕೂಲ್ ಎಂಬ ವಿದುಷಿಯೂ ಅವರ ಸಂಗಡಿಗರೂ ನಡಿಸಿದ ಒಂದು ಪ್ರಯೋಗವು 2003ರಲ್ಲಿ ಪ್ರಕಟವಾಯಿತು. ಇಂಗ್ಲಿಷ್ ಮಾತಾಡುವ ಮನೆಗಳ ಒಂಬತ್ತು ತಿಂಗಳ ಕೂಸುಗಳೊಡನೆ ಚೀನೀ ಭಾಷೆಯವರು ಹನ್ನೆರಡು ಸಾರಿ ಕುಳಿತು, ಪುಸ್ತಕ ಓದಿ, ಆಟವಾಡಿಸಿದರು. ಆ ಕೂಸುಗಳು ಚೀನೀ ಭಾಷೆಯ ಸೂಕ್ಷ್ಮ ಧ್ವನಿಭೇದಗಳನ್ನು ಗುರುತಿಸಬಲ್ಲವಾದವು. ಅಂಥ ಮಾತುಗಳನ್ನೇ ಬೇರೆ ಕೂಸುಗಳಿಗೆ ಪರದೆಯ ಮೇಲೆ ತೋರಿಸಿದಾಗಲೂ, ಧ್ವನಿಯಾಗಿ ಮಾತ್ರ ಕೇಳಿಸಿದಾಗಲೂ ಆ ಫಲವು ಕಾಣಲಿಲ್ಲ. 2014ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗವು ಇದಕ್ಕಿಂತಲೂ ಬೋಧಪ್ರದವಾಗಿದೆ. ಎರಡರಿಂದ ಎರಡೂವರೆ ವರುಷದ ಮಕ್ಕಳು ಹೊಸ ಮಾತುಗಳನ್ನು ಎದುರಿಗಿದ್ದವರಿಂದ ಕಲಿತರು. ವೀಡಿಯೊ ಕರೆಯಲ್ಲಿ ತಮ್ಮ ನಗೆಗೂ ತೊದಲಿಗೂ ಆಗಿಂದಾಗಲೇ ಉತ್ತರ ಕೊಡುವವರಿಂದಲೂ ಕಲಿತರು. ಆದರೆ ಮೊದಲೇ ತೆಗೆದಿಟ್ಟ ವೀಡಿಯೊದಿಂದ ಕಲಿಯಲಿಲ್ಲ. ಎರಡು ಕಡೆಯಲ್ಲಿಯೂ ಪರದೆಯಿತ್ತು. ಒಂದರಲ್ಲಿ ಉತ್ತರವಿತ್ತು, ಇನ್ನೊಂದರಲ್ಲಿ ಇರಲಿಲ್ಲ, ಭೇದವೆಲ್ಲ ಇಷ್ಟೇ.

ಇದನ್ನು ನಾನು ಓದಿ ತಿಳಿಯುವುದಕ್ಕೆ ಮೊದಲು ನನ್ನ ಸ್ವಂತ ತಪ್ಪಿನಿಂದ ತಿಳಿದೆನು. ಒಂದು ಮಳೆಗಾಲದಲ್ಲಿ ಮಕ್ಕಳನ್ನು ಅಂಗಳಕ್ಕೆ ಬಿಡಲಾಗದೆ, ದಿನವೂ ಅರ್ಧ ಗಂಟೆ ಪರದೆಯ ಮೇಲೆ ಶಿಶುಗೀತಗಳನ್ನು ಹಾಕಿದೆನು. ವರ್ಗವು ನಿಶ್ಶಬ್ದವಾಯಿತು, ನಾನು ಅದನ್ನು ಶಿಸ್ತೆಂದು ತಿಳಿದು ಹಿಗ್ಗಿದೆನು. ಹತ್ತು ದಿವಸಗಳಾದ ಮೇಲೆ ವಿದ್ಯುತ್ತು ಹೋಗಿತ್ತು. "ಬನ್ನಿರಿ, ನಾವೇ ಹಾಡೋಣ" ಎಂದೆನು. ಯಾರೂ ಬಾಯಿ ತೆರೆಯಲಿಲ್ಲ. ಮೊದಲು ಗೊಂಬೆಗೆ ಜೋಗುಳ ಹಾಡಿಕೊಳ್ಳುತ್ತಿದ್ದ ಒಂದು ಹುಡುಗಿ ಕಪ್ಪಾಗಿದ್ದ ಪರದೆಯ ಕಡೆಗೆ ಕೈದೋರಿಸಿ, "ಅದು ಹಾಡಲಿ, ಟೀಚರ್" ಅಂದಳು. ಆ ಮಾತು ನನ್ನನ್ನು ಚುಚ್ಚಿತು. ಮಾರನೆಯ ದಿನದಿಂದ ಪರದೆಯನ್ನು ಮುಚ್ಚಿ, ನನ್ನ ಒಡಕು ಕಂಠದಿಂದಲೇ ಹಾಡತೊಡಗಿದೆನು. ಮಕ್ಕಳು ಒಬ್ಬೊಬ್ಬರಾಗಿ ದನಿಗೂಡಿಸುವುದಕ್ಕೆ ಒಂದು ವಾರ ಹಿಡಿಯಿತು.

ಆದರೂ ಯಂತ್ರವನ್ನು ನಾನು ಬಿಸುಡಲಿಲ್ಲ. ಅದರ ಕೆಲಸವನ್ನು ಮಾತ್ರ ಬದಲಾಯಿಸಿದೆನು. ಮಕ್ಕಳು ಹಾಡುವಾಗ ಮೊಬೈಲಿನಲ್ಲಿ ಅವರ ದನಿಯನ್ನು ಹಿಡಿದು ಅವರಿಗೇ ಕೇಳಿಸಿದೆನು. "ಇದು ನಾನು!" ಎಂದು ಕೂಗಿದವರು, ನುಂಗಿದ ಅಕ್ಷರಗಳನ್ನು ತಾವೇ ಕೇಳಿ, "ಇನ್ನೊಂದು ಸಲ" ಎಂದು ಹೇಳಿ ತಿದ್ದಿ ಹಾಡಿದರು. ಮಾಂಟೆಸ್ಸರಿಯವರ ದಿಮ್ಮಿಯಂತೆ ಇಲ್ಲಿಯೂ ವಸ್ತುವೇ ತಪ್ಪನ್ನು ತೋರಿಸಿತಲ್ಲವೇ? ಮತ್ತೊಂದು ಸಾರಿ ಅವರೆಕಾಳುಗಳನ್ನು ಒದ್ದೆ ಹತ್ತಿಯಲ್ಲಿ ಇಟ್ಟು, ದಿನಕ್ಕೊಂದು ಚಿತ್ರವನ್ನು ತೆಗೆದೆವು. ನಿನ್ನೆಯ ಮೊಳಕೆಯನ್ನು ಇಂದಿನದರ ಪಕ್ಕದಲ್ಲಿಟ್ಟು ನೋಡುವುದು ಕಣ್ಣಿಗೆ ಅಸಾಧ್ಯ; ಚಿತ್ರಗಳಿದ್ದರೆ ಸಾಧ್ಯ. ಅಚ್ಚು ಹಾಕಿಸಿದ ಆ ಚಿತ್ರಗಳನ್ನು ಮಕ್ಕಳು ನೆಲದ ಮೇಲೆ ಹರಡಿ, ಯಾವುದು ಮೊದಲು, ಯಾವುದು ಆಮೇಲೆ ಎಂದು ವಾದಿಸುತ್ತ ಸಾಲಾಗಿ ಜೋಡಿಸಿದರು. ತಂದೆಯು ಪರದೇಶದಲ್ಲಿ ದುಡಿಯುವ ಮಗುವಿಗೆ ವೀಡಿಯೊ ಕರೆಯು ತಂದೆಯ ಮಡಿಲಿಗೆ ಸಮವಲ್ಲದಿದ್ದರೂ ಅವನ ಕಥೆಯನ್ನಾದರೂ ತಂದುಕೊಡುತ್ತದೆ. ಕಿವಿ ಮಂದವಾದ ಮಗುವಿಗೆ ಶ್ರವಣಯಂತ್ರವೂ, ಬಾಯಿಮಾತು ಬಾರದ ಮಗುವಿಗೆ ಚಿತ್ರವನ್ನು ಮುಟ್ಟಿದರೆ ನುಡಿಯುವ ಟ್ಯಾಬ್ಲೆಟ್ಟೂ ಅಲಂಕಾರವಲ್ಲ. ಅವು ಅದರ ಕಿವಿ, ಅದರ ನಾಲಿಗೆ.

ಯಂತ್ರವು ಮಗುವಿನ ಕೈಗೆ ಬಾರದೆಯೇ ಮಗುವಿಗೆ ಉಪಕರಿಸುವ ಬಗೆಯೂ ಉಂಟು. 1975ನೆಯ ಅಕ್ಟೋಬರ್ 2ರಂದು ಭಾರತ ಸರಕಾರವು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು 33 ಕಡೆಗಳಲ್ಲಿ ಆರಂಭಿಸಿದಾಗ ನಮ್ಮ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವೂ ಅವುಗಳಲ್ಲಿ ಒಂದಾಗಿತ್ತು. ಅಂದಿನಿಂದ ಅಂಗನವಾಡಿಯ ಕಾರ್ಯಕರ್ತೆಯರು ಮಕ್ಕಳ ತೂಕವನ್ನೂ ಎತ್ತರವನ್ನೂ ದಪ್ಪ ದಪ್ಪ ಪುಸ್ತಕಗಳಲ್ಲಿ ಬರೆಯುತ್ತ ಬಂದರು. 2021ರಿಂದ ಅದನ್ನು ಪೋಷಣ್ ಟ್ರ್ಯಾಕರ್ ಎಂಬ ಸಾಧನದ ಮೂಲಕ ಮೊಬೈಲಿನಲ್ಲಿಯೇ ದಾಖಲು ಮಾಡುತ್ತಾರೆ. ಸೊರಗುವ ಮಗುವನ್ನು ಬೇಗನೆ ಗುರುತಿಸುವುದಕ್ಕೆ ಇದು ಒಳ್ಳೆಯದೇ. ಆದರೆ ದಾಖಲೆಯ ಕೆಲಸವು ಕಥೆ ಹೇಳುವ ವೇಳೆಯನ್ನು ತಿಂದುಬಿಡದಂತೆ ಮೇಲಿನವರು ನೋಡಿಕೊಳ್ಳತಕ್ಕದ್ದು.

ಇನ್ನು ಮನೆಯ ವಿಷಯ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಕೊಟ್ಟ ಸಲಹೆಯಂತೆ ಎರಡು ವರುಷ ತುಂಬದ ಕೂಸುಗಳಿಗೆ ಪರದೆಯನ್ನು ತೋರಿಸಲೇಕೂಡದು. ಎರಡರಿಂದ ನಾಲ್ಕು ವರುಷದವರಿಗೆ ದಿನಕ್ಕೆ ಒಂದು ಗಂಟೆಯೇ ಮಿತಿ, ಅದಕ್ಕಿಂತ ಕಡಿಮೆಯಾದಷ್ಟೂ ಲೇಸು. ಮೂರು ನಾಲ್ಕು ವರುಷದ ಮಕ್ಕಳಿಗೆ ಹತ್ತರಿಂದ ಹದಿಮೂರು ಗಂಟೆಗಳ ನಿದ್ರೆಯೂ, ದಿನವೊಂದಕ್ಕೆ ಮೂರು ಗಂಟೆಗಳ ಓಟ ಆಟಗಳೂ ಬೇಕೆಂದು ಅದೇ ಸಲಹೆಯು ಹೇಳುತ್ತದೆ. ಈ ಲೆಕ್ಕವನ್ನು ಹಾಕಿ ನೋಡಿದರೆ, ಊಟ, ಸ್ನಾನ, ಕಥೆಗಳು ಕಳೆದ ಮೇಲೆ ಪರದೆಗೆ ಉಳಿಯುವ ವೇಳೆಯೆಷ್ಟೆಂಬುದು ತಾನಾಗಿಯೇ ತಿಳಿಯುವುದು. ಊಟದ ಹೊತ್ತಿಗೆ ಮೊಬೈಲು ತೋರಿಸುವ ತಾಯಂದಿರನ್ನು ನಾನು ಹಳಿಯಲಾರೆನು; ಮನೆಗೆಲಸವನ್ನೂ ಹೊರಗಿನ ದುಡಿಮೆಯನ್ನೂ ಒಬ್ಬಳೇ ಹೊತ್ತವಳ ದಣಿವನ್ನು ನಾನು ಬಲ್ಲೆನು. ಆದರೆ ಆ ತುತ್ತಿನ ರುಚಿಯನ್ನೂ ತುತ್ತಿಟ್ಟ ಮುಖವನ್ನೂ ಮಗು ನೋಡದೆ ಹೋಗುವುದು ಸಣ್ಣ ನಷ್ಟವಲ್ಲ. ದಿನಕ್ಕೆ ಒಂದು ಊಟವನ್ನಾದರೂ ಮೊಬೈಲಿಲ್ಲದೆ, ಕಾಗೆ ಗುಬ್ಬಿಗಳನ್ನು ತೋರಿಸುತ್ತ ಮಾಡಿಸಿ ನೋಡಿರಿ. ಮೊದಲ ದಿವಸಗಳಲ್ಲಿ ಮಗು ಅತ್ತೀತು. ತಾಳ್ಮೆಯಿದ್ದರೆ ಅಳುವು ನಿಂತೀತು.

ಪ್ರಿಯ ತಾಯಿತಂದೆಗಳೇ, ಯಾವ ಹೊಸ ಸಾಧನವು ಮನೆಗೆ ಬಂದರೂ ಮೂರು ಮಾತುಗಳನ್ನು ಕೇಳಿಕೊಳ್ಳಿರಿ. ಇದರಿಂದ ಮಗು ತಾನೇನಾದರೂ ಮಾಡುವುದೋ, ಬರಿದೆ ನೋಡುತ್ತ ಕೂಡ್ರುವುದೋ? ಮಗು ಮಾತಾಡಿದರೆ ಉತ್ತರ ಕೊಡುವವರು ಪಕ್ಕದಲ್ಲಿ ಇರುವರೋ? ಇದನ್ನು ತೆಗೆದಿಟ್ಟ ಮೇಲೆ ಮಗು ಮಣ್ಣಿಗೆ, ಹಾಡಿಗೆ, ಗೆಳೆಯರಿಗೆ ಸಂತೋಷದಿಂದ ಹಿಂದಿರುಗುವುದೋ? ಮೂರಕ್ಕೂ ತೃಪ್ತಿಕರವಾದ ಉತ್ತರ ಸಿಕ್ಕಿದರೆ ಆಸೆಪಡುವ ತಾಯಿಯು ಅದನ್ನು ಕೊಡಲಿ. ಸಿಕ್ಕದಿದ್ದರೆ ಭಯಪಡುವ ತಾಯಿಯ ಭಯವೇ ಸರಿ.

ಮಕ್ಕಳನ್ನು ತನ್ನ ಬಳಿಗೆ ಬರಗೊಟ್ಟ ನಮ್ಮ ಕರ್ತನು ಅವರನ್ನು ದೂರದಿಂದ ಹರಸಿ ಕಳುಹಿಸಲಿಲ್ಲ. ಅಪ್ಪಿಕೊಂಡು, ಅವರ ಮೇಲೆ ಕೈಯಿಟ್ಟು ಆಶೀರ್ವದಿಸಿದನು. ಯಂತ್ರಗಳು ಇನ್ನೂ ಎಷ್ಟೋ ಬರಲಿವೆ. ಆ ಕೈಯ ಕೆಲಸವನ್ನು ಮಾತ್ರ ಅವುಗಳಿಗೆ ಒಪ್ಪಿಸದೆ ನಮ್ಮ ಬಳಿಯಲ್ಲಿಯೇ ಇಟ್ಟುಕೊಳ್ಳೋಣ.